ಮಾವನ ಮೊಣಕಾಲು, ನನ್ನ ಆಕಾಶವಾಣಿ

ಈ ಚಳಿಗಾಲದಲ್ಲಿ ಮಾವನ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಲೈಲ್ ಅಲ್ಲ ಎಂದು ಶಪಥ ಮಾಡಿಯೇ ಕಾರನ್ನು ಸರೋವರದ ಮೇಲೆ ಇಳಿಸಿದೆ. ಹೌದು, ಮೇಲೆಯೇ! ಮಿನೆಸೋಟದಲ್ಲಿ ಜನವರಿ ತಿಂಗಳು ಕಲ್ಲಿನಂತೆ ಹೆಪ್ಪುಗಟ್ಟುವ ನೀರಿನ ಮೇಲೆ ಕಾರೇನು, ಮದುವೆ ದಿಬ್ಬಣವೇ ಹೋಗಬಹುದು.

ಶಪಥಕ್ಕೆ ಕಾರಣ ನನ್ನ ಹೊಸ ಕಾರಿನ ಉಪಗ್ರಹ ರೇಡಿಯೊ. ಊರು ದಾಟಿದರೂ ಕೊರಕೊರ ಇಲ್ಲ, ಹಾಡಿನ ನಡುವೆ ಹಾಸಿಗೆ ಅಂಗಡಿಯ ಜಾಹೀರಾತಿಲ್ಲ. ಹಳ್ಳಿ ಹಾಡಿಗೊಂದು ಚಾನೆಲ್, ಬೇಸ್‌ಬಾಲಿಗೊಂದು, ಬೈಬಲಿಗೊಂದು! ಸೇತುವೆಯ ಕೆಳಗೆ ಹೋದಾಗ ಮಾತ್ರ ಕ್ಷಣಕಾಲ ಮೌನವ್ರತ. ಸರೋವರದ ಮೇಲೆ ಸೇತುವೆಯೂ ಇಲ್ಲ, ಮರವೂ ಇಲ್ಲ. ಮೇಲೆ ಬರೀ ಆಕಾಶ, ಕೆಳಗೆ ಬರೀ ನಾನು!

ಮಾವ ಓರ್ವಿಲ್ ಮಾತ್ರ ಒಪ್ಪಲೊಲ್ಲರು. "ಗಾಳೀಲಿ ಪುಕ್ಕಟೆ ತೇಲ್ಕೊಂಡು ಬರೋದಕ್ಕೂ ತಿಂಗಳು ತಿಂಗಳು ದುಡ್ಡು ಕಟ್ಟೋ ಪುಣ್ಯಾತ್ಮ ಅಂದ್ರೆ ನಮ್ಮ ಅಳಿಯಂದಿರೇ!" ಎಂದು ಚರ್ಚಿನ ಕಾಫಿ ಕೂಟದಲ್ಲೆಲ್ಲ ಸಾರಿದ್ದರು.

ಆ ಭಾನುವಾರ ರೇಡಿಯೊದಲ್ಲಿ ನಮ್ಮ ರಾಜ್ಯದ ತಂಡದ ಐಸ್ ಹಾಕಿ ಪಂದ್ಯ. ನಾನೂ ನನ್ನ ಹೆಂಡತಿ ಮಾರ್ಲಿಸಳೂ ಕಾರಿನ ಬಿಸಿ ಸೀಟಿನಲ್ಲಿ ಕುಳಿತು, ಕಿಟಕಿ ಇಳಿಸಿ, ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಬಿಟ್ಟಿದ್ದೆವು. ಮಾವ ಕಾರೊಳಗೆ ಬರಲು ಒಪ್ಪದೆ ಪಕ್ಕದ ತೂತಿನ ಬಳಿ ಬಕೆಟ್ ಬೋರಲು ಹಾಕಿ, ಕಿವಿ ಮುಚ್ಚುವ ತುಪ್ಪಳದ ಟೋಪಿ ಧರಿಸಿ ವಿರಾಜಮಾನರಾಗಿದ್ದರು.

"ಅಳಿಯಂದಿರೇ, ಈಗ ನಮ್ಮೋರು ಒಂದು ಗೋಲು ಹೊಡೀತಾರೆ, ನೋಡ್ತಿರಿ!"

"ನಿಮಗೆ ಹೇಗೆ ಗೊತ್ತು, ಮಾವ?"

"ಎಡ ಮೊಣಕಾಲು ಜುಮ್ಮಂತು."

ನಾನು ನಕ್ಕು ಮುಗಿಸುವಷ್ಟರಲ್ಲಿ ರೇಡಿಯೊ "ಗೋಲ್!" ಎಂದು ಕಿರುಚಿತು.

"ಕಾಕತಾಳೀಯ!" ಎಂದೆ. "ಇನ್ನೊಂದು ಸಲ ಹೇಳಿ ನೋಡೋಣ. ನಿಜವಾದ್ರೆ ಇವತ್ತಿನ ಮೀನು ಪೂರ್ತಿ ನಾನೇ ಕ್ಲೀನ್ ಮಾಡ್ತೀನಿ!"

ಮೀನು ಕ್ಲೀನ್ ಮಾಡುವುದು ನಮ್ಮ ಮನೆಯಲ್ಲಿ ಮಾರ್ಲಿಸಳ ಕೆಲಸ. ಕೊರೆಯುವ ಗ್ಯಾರೇಜಿನಲ್ಲಿ ನಿಂತು ಹುರುಪೆ ಕೆರೆಯುವುದನ್ನು ನೆನೆದರೇ ನನಗೆ ಜ್ವರ ಬರುತ್ತದೆ. ಆದರೆ ಸೋಲುವವರು ಯಾರು?

ತುಸು ಹೊತ್ತಿನಲ್ಲೇ ಮಾವ ಮೊಣಕಾಲು ಸವರಿಕೊಂಡರು. "ಛೆ, ಈ ಸಲ ಎದುರಿನೋರದ್ದು."

ರೇಡಿಯೊ ನರಳಿತು. ಎದುರಿನವರದೇ ಗೋಲು! ಸಮ ಸಮ!

ನನ್ನ ಮೈ ಉರಿಯಿತು. "ಹಾಗಾದ್ರೆ ಗೆಲ್ಲೋರು ಯಾರು, ಅದನ್ನ ಹೇಳಿ! ನಿಜವಾದ್ರೆ ಮಂಜು ಕರಗೋವರೆಗೂ ಮೀನಿನ ಕೆಲಸ ನಂದು! ಸುಳ್ಳಾದ್ರೆ ಬರೋ ಭಾನುವಾರ ಚರ್ಚಲ್ಲಿ ಎದ್ದು ನಿಂತು ನನ್ನ ರೇಡಿಯೊನ ಹೊಗಳ್ಬೇಕು!"

"ಬೇಡಾರೀ, ನಿಮ್ಮ ಕೈಲಾಗಲ್ಲ," ಎಂದಳು ಮಾರ್ಲಿಸ್, ಕಾಫಿ ಬಗ್ಗಿಸುತ್ತಾ.

"ಏನಂದ್ಕೊಂಡಿದೀಯೇ ನನ್ನ? ಮುಂದಿನ ಚಳಿಗಾಲಾನೂ ಸೇರಿಸ್ಕೋ!"

ಪಂದ್ಯದ ಕೊನೆಯ ಕ್ಷಣಗಳು. ಮಾವ ಮೊಣಕಾಲು ಸವರುತ್ತಲೇ ಇದ್ದರು. ಇದ್ದಕ್ಕಿದ್ದಂತೆ ಬಕೆಟ್ ಒದ್ದು ಎದ್ದರು. "ನಮ್ಮೋರೇ! ಗೆದ್ದೇಬಿಟ್ರು!"

"ಎಲ್ಲಿ ಗೆದ್ರು? ಆಟದ ಬಿಲ್ಲೆ ಇನ್ನೂ ಎದುರಿನೋರ ಹತ್ರಾನೇ ಇದೆ, ಕೇಳಿ!" ಎಂದು ಇಡೀ ಸರೋವರಕ್ಕೆ ಕೇಳುವಂತೆ ಸದ್ದು ಏರಿಸಿದೆ. ಬಿಲ್ಲೆ ನಮ್ಮವರ ಕೈಗೆ ಬಂತು. ಎದುರಿನವರ ಬಲೆಯೊಳಕ್ಕೂ ಹೋಯಿತು! ನಮ್ಮ ತಂಡ ಗೆದ್ದಿದ್ದಕ್ಕೆ ಅತ್ತವನು ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು!

ಆ ಮಹಿಮಾವಂತ ಮೊಣಕಾಲಿಗೆ ಕೈ ಮುಗಿಯೋಣವೆಂದು ಕೆಳಗಿಳಿದೆ. ಕುಣಿಯುತ್ತಿದ್ದ ಮಾವನ ಟೋಪಿ ಜಾರಿತು. ಕಿವಿಯಿಂದ ಒಂದು ಸಣ್ಣ ತಂತಿ ಇಳಿದು ಜೇಬು ಸೇರಿತ್ತು! ಎಳೆದರೆ ಹಳೇ ಪಾಕೆಟ್ ರೇಡಿಯೊ. ಅದರಲ್ಲಿ ಪಂದ್ಯ ಮುಗಿದು ಹಾಸಿಗೆ ಅಂಗಡಿಯ ಜಾಹೀರಾತು ನಡೆದಿತ್ತು!

"ಮೋಸ!" ಎಂದು ಕೂಗಿದೆ.

"ಮೋಸ ಎಲ್ಲಿಂದ ಬಂತು? ನಿಮ್ಮ ಗೋಲು ಆಕಾಶಕ್ಕೆ ಹತ್ತಿ, ಅಲ್ಲಿ ಸುಧಾರಿಸ್ಕೊಂಡು ಇಳೀಬೇಕು. ನಂದು ಪಕ್ಕದೂರಿಂದ ನೆಟ್ಟಗೆ, ಮುಂಚೇನೇ ಬರುತ್ತೆ. ಅದೂ ಪುಕ್ಕಟೆ!"

ನ್ಯಾಯಕ್ಕಾಗಿ ಹೆಂಡತಿಯತ್ತ ತಿರುಗಿದೆ. "ನೋಡಿದೆಯೇನೇ ನಿಮ್ಮಪ್ಪನ ಕುತಂತ್ರ?"

ಮಾರ್ಲಿಸ್ ಬಿಸಿ ಸೀಟಿಗೆ ಇನ್ನಷ್ಟು ಒರಗಿಕೊಂಡಳು. "ಅಪ್ಪನ್ನ ಯಾಕೆ ಬೈತೀರಾ? ಆ ರೇಡಿಯೊಗೆ ಹೊಸ ಸೆಲ್ ಹಾಕ್ಕೊಟ್ಟಿದ್ದು ನಾನು. ಮೀನು ಕೊಯ್ಯೋ ಚಾಕು ನಿಮ್ಮ ಸೀಟಿನ ಕೆಳಗಿದೆ. ಅದನ್ನೂ ಬೆಳಗ್ಗೆನೇ ಮಸೆದಿಟ್ಟಿದೀನಿ!"