ಮೀನು ಹೋಯಿತು, ಹೆಂಡತಿ ಹೋದಳು, ಪೊಲೀಸ್ ಬಂದ

ಅಷ್ಟಕ್ಕೂ ಗಾರೆಗಿನ್ ಮಾಡಿದ ತಪ್ಪಾದರೂ ಏನು? ಬಚ್ಚಲಿನ ಬಕೆಟ್ಟಿನಲ್ಲಿ ಗಬ್ಬು ನಾರುತ್ತಿದ್ದ ಮೀನನ್ನು ಕಸದ ಚೀಲಕ್ಕೆ ಹಾಕಿದ, ಅಷ್ಟೇ. ಸಮುದ್ರವೇ ಇಲ್ಲದ ಅರ್ಮೇನಿಯಾದವನು ಅವನು. ಒಣಗಿದ ಉಪ್ಪುಮೀನನ್ನು ದಿನಗಟ್ಟಲೆ ನೀರು ಬದಲಾಯಿಸಿ ನೆನೆಸುತ್ತಾರೆ, ಪೋರ್ಚುಗಲ್ಲಿನವರಿಗೆ ಅದು ದೇವರ ಪ್ರಸಾದಕ್ಕೆ ಸಮ ಎಂದು ಅವನಿಗೆ ಹೇಳಿದವರು ಯಾರು?

ಪೋರ್ಚುಗಲ್ಲಿನವಳೇ ಆದ ಹೆಂಡತಿ ಗ್ರಾಸಾ ಹೇಳಿದಳು. ಆದರೆ ಕಸದ ಲಾರಿ ಬೀದಿಯ ತಿರುವು ದಾಟಿದ ಮೇಲೆ.

"ನಮ್ಮಣ್ಣ ಊರಿಂದ ಹೊತ್ಕೊಂಡು ಬಂದ ಮೀನು ಕಣೋ! ಅದನ್ನ ಎಸೆದವನು ನಾಳೆ ನನ್ನನ್ನೂ ಎಸೀತೀಯ!"

"ನೀನು ಹಂಗೆ ನಾರಲ್ವಲ್ಲ ಚಿನ್ನಾ..."

ಸಮಾಧಾನಕ್ಕೆ ಆಡಿದ ಮಾತು ಪೆಟ್ರೋಲಿಗೆ ಕಡ್ಡಿ ಗೀರಿದಂತಾಯಿತು. ಗ್ರಾಸಾ ತನ್ನ ಬಟ್ಟೆ, ಚಪ್ಪಲಿ, ಬಾಚಣಿಗೆ, ಕೊನೆಗೆ ಹಲ್ಲುಜ್ಜುವ ಬ್ರಷ್ಷನ್ನೂ ಸೂಟ್‌ಕೇಸಿಗೆ ತುರುಕಿದಳು. ಬಾಗಿಲು ಧಡಾರನೆ ಬಡಿದುಕೊಂಡಿತು. ಮೆಖೆಲೆನ್ ಊರಿನ ಅಕ್ಕನ ಮನೆಗೆ ಸವಾರಿ ಹೊರಟಿತು.

ಹೆಂಡತಿ ಮುನಿಸಿಕೊಂಡು ಹೋಗುವುದು ಲೋಕರೂಢಿ. ಗಾರೆಗಿನ್‌ನ ಗ್ರಹಚಾರವೇ ಬೇರೆ. ಆಂಟ್‌ವರ್ಪ್ ನಗರದಲ್ಲಿ ಅವನು ಇರುವುದೇ ಹೆಂಡತಿಯ ಹಕ್ಕಿನ ಬಾಲ ಹಿಡಿದುಕೊಂಡು. ಅವಳು ಯುರೋಪಿನ ಪ್ರಜೆ. ಅವಳು ದುಡಿಯುವ ದೇಶದಲ್ಲಿ ಗಂಡನೂ ಇರಬಹುದು, ಅವಳ ಜೊತೆ ವೀಸಾ ಇಲ್ಲದೆ ಗಡಿ ದಾಟಬಹುದು. ಆದರೆ ಅದಕ್ಕೆ ಬೇಕಾದ ವಾಸದ ಕಾರ್ಡು ಕೈಗೆ ಬರುವ ಮೊದಲು ಬೀದಿಯ ಪೊಲೀಸಪ್ಪ ಹೇಳದೆ ಕೇಳದೆ ಮನೆಗೆ ಬಂದು, ಇಬ್ಬರೂ ನಿಜಕ್ಕೂ ಒಟ್ಟಿಗೆ ಬಾಳುತ್ತಿದ್ದಾರೆಯೇ ಎಂದು ನೋಡಬೇಕು. ಇಷ್ಟು ವಾರ ಸುಳಿಯದವನು ಇವತ್ತು ಪಕ್ಕದ ಬೀದಿಯಲ್ಲೇ ತಿರುಗುತ್ತಿದ್ದ!

ಸುದ್ದಿ ತಂದವನು ಕೆಳಗಿನ ತರಕಾರಿ ಅಂಗಡಿಯ ಬೂಶ್ತಾ. ಮೊರಾಕೋದವನು, ಕಟ್ಟಡದಲ್ಲಿ ಯಾರಿಗೆ ಶೀತವಾದರೂ ಮೊದಲು ಸೀನುವವನು ಅವನೇ.

"ತಮ್ಮಾ, ಸೈಕಲ್ ಮೇಲೆ ಬರ್ತಾ ಇದಾನೆ. ಹೆಂಡ್ತಿ ಎಲ್ಲಿ?"

"ಹೋದ್ಲು."

"ಹೋದ್ಲಾ? ಹಂಗಾದ್ರೆ ನೀನೂ ಹೋದೆ!"

ಅಷ್ಟರಲ್ಲಿ ಎದುರು ಮನೆಯ ಫೀನಾ ಅಜ್ಜಿ ಬಾಗಿಲು ತೆರೆದಳು. ಬೀರುವಿನಂಥ ಮೈಕಟ್ಟು, ಮೈಕಿನಂಥ ಕಂಠ. "ನಾನಿರೋವಾಗ ನಿಂಗ್ಯಾಕಪ್ಪ ಭಯ? ಮನೇಲಿ ಹೆಂಗಸಿನ ಸಾಮಾನು ಕಂಡ್ರೆ ಸಾಕು. ಹೆಂಗಸು ಕೆಲಸಕ್ಕೆ ಹೋಗಿದಾಳೆ ಅನ್ನು."

"ಬೇಡ ಅಜ್ಜಿ, ಸುಳ್ಳು..."

"ಸುಳ್ಳೇನೋ ಬಂತು? ಹೆಂಡ್ತಿ ನಿಜ, ಮದುವೆ ನಿಜ. ಸಾಮಾನು ಮಾತ್ರ ಬಾಡಿಗೆದು!"

ಮುಂದಿನದು ಸಿನಿಮಾ ಸೆಟ್ ಹಾಕಿದ ಹಾಗೆ. ಅಜ್ಜಿಯ ರಾತ್ರಿಯುಡುಗೆ ಕಿಟಕಿಯ ತಂತಿಯೇರಿತು. ಅದರೊಳಗೆ ಒಂದು ಸಣ್ಣ ಸರ್ಕಸ್ ಕಂಪನಿ ಬಿಡಾರ ಹೂಡಬಹುದಿತ್ತು. ಬೂಶ್ತಾ ತನ್ನ ಹೆಂಡತಿಯ ಗುಲಾಬಿ ಚಪ್ಪಲಿಯನ್ನೂ, ಅಷ್ಟು ಸಾಲದೆಂದು ಮೊಮ್ಮಗಳ ಗಿಲಕಿಯನ್ನೂ ತಂದಿಟ್ಟ.

"ಇದ್ಯಾಕಣ್ಣಾ? ನಮಗೆ ಮಕ್ಕಳಿಲ್ಲ!"

"ಮಗು ಇದ್ರೆ ಕೇಸು ಗಟ್ಟಿ ಆಗುತ್ತೆ ತಮ್ಮಾ. ಮಲಗಿದೆ ಅಂತ ಹೇಳು."

ಬಾಗಿಲ ಗಂಟೆ ಬಡಿಯಿತು. ಅಜ್ಜಿ ಅಡುಗೆಮನೆಗೆ ನುಗ್ಗಿದಳು. ಬೂಶ್ತಾ ಫೋನ್ ಹಿಡಿದು ಮಹಡಿ ಮೇಲಕ್ಕೆ ಓಡಿದ. ಹೀರೋ ಎಂಟ್ರಿಗೆ ಹೊಗೆಯೊಂದೇ ಬಾಕಿ, ಯೂಸ್ತ್ ಎಂಬ ಪೊಲೀಸ್ ಒಳಗೆ ಬಂದ. ಮೀಸೆಯಿಲ್ಲ, ಆತುರವಿಲ್ಲ. ಚಪ್ಪಲಿ ನೋಡಿದ. ಕಿಟಕಿಯ ಡೇರೆ ನೋಡಿದ. ಬಚ್ಚಲಿಗೆ ಹೋದವನು ಅಲ್ಲೇ ನಿಂತ.

"ನಿಮ್ಮ ಹೆಂಡ್ತಿಗೆ ವಯಸ್ಸೆಷ್ಟು ಸರ್?"

"ಮೂವತ್ತೊಂದು."

"ಹಲ್ಲು?"

ಗಾರೆಗಿನ್ ಇಣುಕಿದ. ತನ್ನ ಬ್ರಷ್ಷಿನ ಪಕ್ಕ, ಗಾಜಿನ ಲೋಟದ ನೀರಿನಲ್ಲಿ, ಅಜ್ಜಿಯ ಹಳೇ ಹಲ್ಲುಸೆಟ್ಟು ಹಾಯಾಗಿ ನಗುತ್ತಿತ್ತು. ಅಜ್ಜಿ ನಟನೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಳು.

"ಅದು... ಸಿಹಿ ಜಾಸ್ತಿ ತಿಂತಾಳೆ ಸರ್."

"ಓಹೋ. ಉಡುಪು ಈ ಗಾತ್ರ, ಚಪ್ಪಲಿ ಆ ಗಾತ್ರ. ಎಷ್ಟು ಜನ ಹೆಂಡ್ತೀರು ಸರ್ ನಿಮಗೆ?"

ಆ ಕ್ಷಣಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಗುಡುಗು ಉರುಳಿತು. ಬೂಶ್ತಾ ಮೇಲಿನಿಂದ ಫೋನ್ ಮಾಡಿ, "ನಿನ್ ಗಂಡನ್ನ ಪೊಲೀಸ್ ಹಿಡಿದಿದಾರೆ ತಾಯಿ" ಎಂದು ಊದಿದ್ದ. ಮೆಖೆಲೆನ್ ರೈಲಿಗಾಗಿ ಹತ್ತಿರದ ನಿಲ್ದಾಣದಲ್ಲೇ ಮುಖ ಊದಿಸಿಕೊಂಡು ಕೂತಿದ್ದ ಗ್ರಾಸಾ ಏದುಸಿರು ಬಿಡುತ್ತ ಓಡಿ ಬಂದಿದ್ದಳು. ಗಂಡ ಕ್ಷೇಮ ಎಂದು ಕಂಡಿದ್ದೇ ತಡ, ಕಣ್ಣು ಕಿಟಕಿಗೆ ಹೋಯಿತು.

"ಯಾರೋ ಅದು? ನಾನು ಹೊರಗೆ ಹೋಗಿ ಅರ್ಧ ದಿನಾನೂ ಆಗಿಲ್ಲ, ಆಗ್ಲೇ ಡೇರೆ ಹೂಡಿದಾಳೆ!"

"ಅದು ನಂದಮ್ಮಾ!" ಎಂದು ಅಜ್ಜಿ ಅಡುಗೆಮನೆಯಿಂದ ಹೊರಬಿದ್ದಳು. ಪರಿಸ್ಥಿತಿ ಸುಧಾರಿಸಲಿಲ್ಲ.

"ಮೀನು ಎಸೆದವನಿಗೆ ಅಜ್ಜಿ ಬೇಕಾಯ್ತಾ?"

"ಮೀನು ಮೀನು ಮೀನು! ಮದುವೆ ಆಗಿದ್ದು ನನ್ನನ್ನೋ ಆ ಮೀನನ್ನೋ?"

"ಮೀನಾಗಿದ್ರೆ ನೀರಲ್ಲಿಟ್ಟಾದ್ರೂ ಮೆತ್ತಗೆ ಮಾಡ್ಬಹುದಿತ್ತು! ನೀನು ಕಲ್ಲು!"

ಯೂಸ್ತ್ ಕುರ್ಚಿ ಎಳೆದುಕೊಂಡು, ಮುಂದಿನ ಸಾಲಿನ ಪ್ರೇಕ್ಷಕನಂತೆ ಕುಳಿತ. ಜಗಳ ಸುಸ್ತಾದಾಗ ಸಣ್ಣಗೆ ಚಪ್ಪಾಳೆ ತಟ್ಟಿದ.

"ಈ ಕೆಲಸಕ್ಕೆ ಸೇರಿ ಕೂದಲು ಬೆಳ್ಳಗಾಯ್ತು ಮೇಡಂ. ಸುಳ್ಳು ಗಂಡ ಹೆಂಡ್ತಿ ನನ್ನೆದುರು ಕೈ ಕೈ ಹಿಡ್ಕೊಂಡು ಕೂರ್ತಾರೆ. ನಿಜವಾದವರು ಮೀನಿಗೆ ಕಿತ್ತಾಡ್ತಾರೆ. ನೀವು ಅಪ್ಪಟ ದಂಪತಿ. ಪಾಸ್!"

ಗಾರೆಗಿನ್ ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವಳೂ ನಕ್ಕುಬಿಟ್ಟಳು. ಅಜ್ಜಿ ಕಣ್ಣೊರೆಸಿಕೊಂಡಳು. ಬೂಶ್ತಾ ಮೇಲಿನಿಂದಲೇ ಸಿಳ್ಳೆ ಹೊಡೆದ. 'ಶುಭಂ' ಅನ್ನುವುದೊಂದೇ ಬಾಕಿ.

ಯೂಸ್ತ್ ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸಿದ. ಮತ್ತೆ ಆಡಿಸಿದ. "ಮೇಡಂ, ಈ ವಿಳಾಸದಲ್ಲಿ ನೀವೇ ಇಲ್ವಲ್ಲ?"

ಗ್ರಾಸಾಳ ನಗು ಅರ್ಧಕ್ಕೇ ನಿಂತಿತು. "ಅದು... ಸ್ಟೇಷನ್ನಲ್ಲಿ ಕೂತಿದ್ನಾ, ಸಿಟ್ಟು ಇಳೀಲಿಲ್ಲ. ಫೋನಲ್ಲೇ ಸರ್ಕಾರಿ ದಾಖಲೇಲಿ ನನ್ನ ವಿಳಾಸ ಅಕ್ಕನ ಮನೇದಕ್ಕೆ ಬದಲಾಯಿಸ್ಬಿಟ್ಟೆ."

"ವಾಪಸ್ ತಗೊಂಡ್ರೆ ಆಯ್ತಪ್ಪ!" ಎಂದ ಗಾರೆಗಿನ್.

"ಮೇಡಂ ಸಿಟ್ಟು ಇಳೀತು ಸರ್. ಕಂಪ್ಯೂಟರಿಂದು ಇಳಿಯಲ್ಲ. ಅದು ಆಗ್ಲೇ ಮೆಖೆಲೆನ್ ಪೊಲೀಸರಿಗೆ ಹೋಗಿದೆ. ಇನ್ನು ನಿಮ್ಮಿಬ್ಬರನ್ನೂ ನೋಡಬೇಕಾದವನು ಅಲ್ಲಿಯವನು. ನೀವೂ ಅಕ್ಕನ ಮನೆಗೇ ಹೋಗಿ ಇರಿ. ಅವನು ಯಾವತ್ತು ಬರ್ತಾನೋ, ದೇವರಾಣೆ ನಂಗೊತ್ತಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಪರವಾಗಿಲ್ಲ ಬಿಡಿ," ಗಾರೆಗಿನ್ ಎದೆಯುಬ್ಬಿಸಿದ. "ಅಲ್ಲೂ ಹಿಂಗೇ ಒಂದು ಜಗಳ ಹಾಕಿ ಪಾಸಾಗ್ತೀವಿ."

ಯೂಸ್ತ್ ಬಾಗಿಲಲ್ಲಿ ತಿರುಗಿ ನಿಂತ. "ಆ ತಪ್ಪು ಮಾತ್ರ ಮಾಡ್ಬೇಡಿ ಸರ್. ಅಲ್ಲಿನ ಹುಡುಗ ಹೊಸಬ, ಮದುವೆಯಾಗಿ ತಿಂಗಳಾಗಿಲ್ಲ. ನಿಜವಾದ ಗಂಡ ಹೆಂಡ್ತಿ ಜಗಳಾನೇ ಆಡಲ್ಲ ಅಂತ ನಂಬ್ಕೊಂಡಿದಾನೆ. ಒಂದು ಗಟ್ಟಿ ಮಾತು ಕೇಳಿಸಿದ್ರೂ ಫೇಲು."

ಆ ಸಂಜೆಯ ರೈಲಿನಲ್ಲಿ ಗಾರೆಗಿನ್ ಮತ್ತು ಗ್ರಾಸಾ ಅಕ್ಕಪಕ್ಕ ಕುಳಿತು, ಹಲ್ಲು ಕಿರಿದು, ಕೈ ಕೈ ಹಿಡಿದು ಅಭ್ಯಾಸ ಮಾಡುತ್ತಿದ್ದರು.

"ಚಿನ್ನಾ, ಉಗುರು ಚುಚ್ತಾ ಇದೆ."

"ನಗ್ತಾ ಹೇಳು ಬಂಗಾರ," ಎಂದಳು ಗ್ರಾಸಾ, ನಗುತ್ತಲೇ. "ಎದುರು ಸೀಟಿನವನು ಪೊಲೀಸ್ ಥರ ಕಾಣ್ತಾನೆ."