ಅಕ್ಕನ ರೇಡಿಯೊ ಹಟ

ಕಂಡವರ ಸೀಟಿನಲ್ಲಿ ಕೂತೇ ಡಾಕ್ಟರೇಟ್ ಪಡೆದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮೂರು ಕೊಟ್ಟೂರಿನಲ್ಲೇ ಇರುವ ದೊಡ್ಡಪ್ಪನ ಮಗಳು, ನನಗೆ ಅಕ್ಕ!

ಮಿಸ್ ಕಾಲ್ ಮೇಲೆಯೇ ಸಂಸಾರಗಳು ನಡೆಯುತ್ತಿದ್ದ ಕಾಲ ಅದು. ಅಕ್ಕ ದಿನಾ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದಳು. ಕಂಡಕ್ಟರ್ ಟಿಕೆಟ್ ಕೊಡಲು ಎದ್ದರೆ ಸಾಕು, ಅವನ ಸೀಟಿನಲ್ಲಿ ಇವಳು!

"ಮೇಡಂ, ಅದು ನನ್ನ ಸೀಟ್ ರೀ."

"ಗೊತ್ತೈತ್ರಿ. ನೀವು ಬಂದ ಕೂಡ್ಲೆ ಏಳ್ತೀನಿ. ನನ್ನ ಸಂಶೋಧನೆನೂ ಇದೇ ಐತಿ!"

ಸುಳ್ಳಲ್ಲ. ಒಬ್ಬರಿಗೆ ಮೀಸಲಾದ ರೇಡಿಯೊ ತರಂಗ ಖಾಲಿ ಬಿದ್ದಿದ್ದರೆ ಗುರುತಿಸಿ ಬಳಸಬೇಕು, ಯಜಮಾನ ಬಂದೊಡನೆ ಬಿಟ್ಟುಕೊಡಬೇಕು. ಸಿಗ್ನಲ್ ಸೊರಗಿದರೆ ನಡುವಿನ ಇನ್ನೊಂದು ರೇಡಿಯೊ ಅದನ್ನು ಹಿಡಿದು ಮುಂದಕ್ಕೆ ದಾಟಿಸಬೇಕು. ಆಗ ಮಾಹಿತಿ ಬೇಗ ಹರಿಯುತ್ತದೆಂದು ಅಕ್ಕನ ವಾದ. ಕಂಪ್ಯೂಟರಿನ ಲೆಕ್ಕವೇ ಸಾಕೆಂದರು ಅವಳ ಗೈಡು. ಅಕ್ಕ ಕೇಳಬೇಕಲ್ಲ!

"ಕಂಪ್ಯೂಟರ್‌ನಾಗ ಬಂದದ್ದು ಮಾಳಿಗಿ ಮ್ಯಾಲೂ ಬರಬೇಕ್ರಿ, ಸರ್!"

ಹೀಗಾಗಿ ಭಾನುವಾರ ಬಂತೆಂದರೆ ಮೂರು ಮಾಳಿಗೆಗಳ ಮೇಲೆ ಮೂರು ರೇಡಿಯೊ ಪೆಟ್ಟಿಗೆ. ಈ ತುದಿಗೆ ಅಕ್ಕ, ಆ ತುದಿಗೆ ನಮ್ಮ ಮನೆಯ ಮೇಲೆ ಲ್ಯಾಪ್‌ಟಾಪ್ ಹಿಡಿದ ನಾನು, ನಡುವೆ ತಮ್ಮ ಬಟ್ಟೆ ಅಂಗಡಿಯ ಮೇಲೆ ಭಾವ. ಬಾಯಿ ಬಿಡದೆ ಹತ್ತು ಮೀಟರ್ ಬಟ್ಟೆ ಅಳೆದುಕೊಡುವ ಆಸಾಮಿ!

"ಸ್ಪೀಡ್ ಎಷ್ಟೈತಲೇ?" ಅಕ್ಕನ ಫೋನು.

"ಮೊದಲಿಗಿಂತ ಕಮ್ಮಿ ಐತಿ, ಅಕ್ಕ."

"ನಡುವ ಒಂದು ರೇಡಿಯೊ ಸಹಾಯಕ್ಕಿಟ್ರ ಕಮ್ಮಿ ಆಗ್ತದೇನು? ಕಣ್ಣು ಬಿಟ್ಟು ನೋಡು!"

ವೈರು ಬದಲಾಯಿತು, ಪ್ರೋಗ್ರಾಂ ಬದಲಾಯಿತು. ಅನುಮಾನದ ಮೇಲೆ ನಮ್ಮ ಟಿವಿಯ ಆಂಟೆನಾವೂ ಕೆಳಗಿಳಿಯಿತು. ಸ್ಪೀಡು ಏರಲಿಲ್ಲ, ಧಾರಾವಾಹಿ ತಪ್ಪಿದ ನಮ್ಮಮ್ಮನ ಸಿಟ್ಟು ಏರಿತು!

ಎರಡು ತಿಂಗಳು ಹೀಗೇ ಹೆಣಗಿದ ಅಕ್ಕ ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಅಂಗಡಿಯ ಮಾಳಿಗೆ ಹತ್ತಿದಳು. ಭಾವ ಉರಿಬಿಸಿಲಲ್ಲಿ ಬರಿದಲೆಯಲ್ಲಿ ನಿಂತು, ಪೆಟ್ಟಿಗೆಗೆ ಛತ್ರಿ ಹಿಡಿದಿದ್ದರು! ಅದರ ಕಡ್ಡಿಗಳು ಆಂಟೆನಾಕ್ಕೆ ತಾಗಿಕೊಂಡಿದ್ದವು.

"ಅಯ್ಯ ಶಿವನ! ಎಂದಿನಿಂದ ಹಿಂಗ ಹಿಡದೀರಿ?"

"ಮೊದಲ್ನೇ ವಾರದಿಂದ."

"ಕಬ್ಬಿಣದ ಕಡ್ಡಿ ರೀ! ಸಿಗ್ನಲ್ ತಿಂತಾವ!"

ಭಾವ ಗಾಬರಿಯಾಗಿ ಛತ್ರಿ ಮಡಚಿದರು. ನಾನು ನಮ್ಮ ಮಾಳಿಗೆಗೆ ಓಡಿ ಫೋನು ಹಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಸ್ಪೀಡಿನ ಅಂಕಿ ಏರುತ್ತಲೇ ಇತ್ತು!

"ಅಕ್ಕ, ಗೆದ್ದಿ! ಏರೈತಿ!"

ಫೋನು ಎತ್ತಿದ ಅಕ್ಕ ಅತ್ತ ಭಾವನೊಡನೆ ಮಾತಾಡುತ್ತಿದ್ದಳು.

"ನಿಮ್ಮ ತಲಿಗೆ ಯಾಕ ಹಿಡ್ಕೊಳ್ಳಿಲ್ರಿ?"

"ನನ್ನ ತಲಿ ಕಾದ್ರ ಏನಾತು? ಪೆಟ್ಟಿಗಿ ಕಾದ್ರ ನಿನ್ನ ಕೆಲಸ ಕೆಡ್ತಿತ್ತಲ್ಲ."

ಫೋನಿನೊಳಗಿಂದ ಛತ್ರಿ ಬಿಚ್ಚಿದ ಸದ್ದು.

"ಇತ್ತಾಗ ಬರ್ರಿ. ನೆರಳಾಗ ನಿಂದರ್ರಿ," ಎಂದಳು ಅಕ್ಕ.

ಸ್ಪೀಡ್ ಎಷ್ಟಾಯಿತೆಂದು ಅವತ್ತು ಅವಳು ಕೇಳಲೇ ಇಲ್ಲ.