ಬಿಸಿಲಿನ ಕಾರಿನಲ್ಲಿ ಚಳಿಯ ಬೆಟ್ಟಕ್ಕೆ

ನಾನು ಹತ್ತಿದ ವಾಹನ ದಾರಿಯಲ್ಲಿ ನಿಲ್ಲುತ್ತದೆ, ನಿಂತಲ್ಲಿ ಯಾರಾದರೊಬ್ಬ ಪುಣ್ಯಾತ್ಮರು ಸಿಗುತ್ತಾರೆ. ಇದು ನನ್ನ ಜಾತಕದಲ್ಲೇ ಇರಬೇಕು. ಊರಿನ ಬಸ್ಸಿನಿಂದ ಕುವೈತ್‌ನ ಕಂಪೆನಿ ವ್ಯಾನಿನವರೆಗೆ ಎಲ್ಲವೂ ನಿಂತು ನೋಡಿವೆ. ಆದರೆ ನಮ್ಮ ಅರ್ಬಾಬರ ಸೋಲಾರ್ ಕಾರಿನಷ್ಟು ಚೆನ್ನಾಗಿ ಯಾವುದೂ ನಿಂತಿಲ್ಲ.

ಅರ್ಬಾಬ್ ಅಂದರೆ ಯಜಮಾನರು. ಕುವೈತ್ ಪೇಟೆಯ ಮಿರ್ಕಾಬಿನಲ್ಲಿ ಅವರದು ಡೀಸೆಲ್ ಜನರೇಟರ್ ಅಂಗಡಿ. ಉಡುಪಿ ಕಡೆಯ ನಾನು ಅಲ್ಲಿ ಎಲೆಕ್ಟ್ರಿಷಿಯನ್. ಡ್ರೈವರ್ ವಿಟ್ಲದ ಬ್ಯಾರಿ, ವಯಸ್ಸಿನಲ್ಲಿ ಹಿರಿಯರು, ನನಗೆ ಅವರು ಕಾಕ. ಅರ್ಬಾಬರಿಗೆ ಹೃದಯದ ಆಪರೇಷನ್ ಆದಾಗ ನಾವಿಬ್ಬರೂ ನೋಡಲು ಹೋಗಿದ್ದೆವು. ಮಲಗಿದಲ್ಲಿಂದಲೇ ಅವರು ಹೇಳಿದರು: "ಜನ್ಮವಿಡೀ ಹೊಗೆ ಮಾರಿದೆ. ಇನ್ನು ಬಿಸಿಲಿನಿಂದ ಓಡುವ ಕಾರು ಮಾಡಿಸಿ ಹಿಮದ ಬೆಟ್ಟ ಹತ್ತುತ್ತೇನೆ. ನೀವಿಬ್ಬರೂ ಬರುತ್ತೀರಿ."

ಮದ್ದಿನ ಅಮಲು ಇಳಿಯದೆ ಮಾತಾಡುತ್ತಿದ್ದಾರೆ ಅಂದುಕೊಂಡು "ಆಯ್ತು ಅರ್ಬಾಬ್" ಅಂದೆವು. ಅಮಲು ಇಳಿಯಿತು, ಆಸೆ ಇಳಿಯಲಿಲ್ಲ. ಒಂದು ಹಳೆಯ ಎಲೆಕ್ಟ್ರಿಕ್ ಕಾರು ಬಂತು. ಅದರ ತಲೆಯ ಮೇಲೆ ನಾನು ಸೋಲಾರ್ ಹಲಗೆಗಳನ್ನು ಕೂರಿಸಿದೆ.

ನೆರಳಿನ ಉಪಕಾರ

ಮೊದಲ ಪರೀಕ್ಷೆಗೆ ಅರ್ಬಾಬರೇ ಕಾರನ್ನು ಜಹ್ರಾದ ತಮ್ಮ ಮನೆಗೆ ಓಡಿಸಿಕೊಂಡು ಹೋದರು. ಮಾರನೆಯ ದಿನ ಫೋನ್ ಬಂತು. "ಎಂಥ ವೈರಿಂಗ್ ಮಾಡಿದ್ದೀ? ಕಾರು ಅಲುಗಾಡುವುದಿಲ್ಲ!"

ಕಾಕನನ್ನು ಕರೆದುಕೊಂಡು ಓಡಿ ಹೋಗಿ ನೋಡಿದರೆ ಕಾರು ತಗಡಿನ ಮಾಡಿನ ಕೆಳಗೆ ತಣ್ಣಗೆ ನಿಂತಿದೆ. ಕುವೈತ್‌ನಲ್ಲಿ ಹುಟ್ಟಿದವರು ತಾಯಿಯ ಮುಖ ಗುರುತಿಸುವುದಕ್ಕೂ ಮೊದಲು ನೆರಳನ್ನು ಗುರುತಿಸುತ್ತಾರೆ. ಅವರ ಕೈ ತಾನಾಗಿ ಸ್ಟಿಯರಿಂಗನ್ನು ಅತ್ತ ತಿರುಗಿಸಿತ್ತು.

ಮೂವರೂ ಬೆವರು ಸುರಿಸಿ ಅದನ್ನು ಬಯಲಿಗೆ ತಳ್ಳಿದೆವು. ನೀರು ಕುಡಿದು ಬರೋಣ ಎಂದು ಒಳಗೆ ಹೋದೆವು. ಹೊರಗೆ ಬಂದರೆ ಕಾರು ಮತ್ತೆ ಮಾಡಿನ ಕೆಳಗೆ! ಪಕ್ಕದ ಮನೆಯ ಹಿರಿಯರು ತಮ್ಮ ಇಬ್ಬರು ಮಕ್ಕಳ ಜೊತೆ ಏದುಸಿರು ಬಿಡುತ್ತಾ ನಿಂತಿದ್ದಾರೆ.

"ಯಾರೋ ಬುದ್ಧಿಯಿಲ್ಲದವರು ನಿಮ್ಮ ಕಾರನ್ನು ಬಿಸಿಲಿಗೆ ಹಾಕಿದ್ದರು. ನಾವು ಒಳಗೆ ತಂದೆವು" ಅಂದರು.

ಎದೆಗೆ ಕೈಯಿಟ್ಟು ಅವರಿಗೆ ಶುಕ್ರನ್ ಎಂದು ವಂದನೆ ಹೇಳುವಾಗ ನಮ್ಮ ಅರ್ಬಾಬರ ಮುಖ ನೋಡಬೇಕಿತ್ತು.

ಹಿಡಿಸೂಡಿ

ಉತ್ತರಕ್ಕೆ, ಜಾರ್ಜಿಯಾದ ಬೆಟ್ಟಗಳಿಗೆ ಹೋಗುವುದೆಂದಾಯಿತು. ಕಾರನ್ನು ಮುಂಚಿತವಾಗಿ ಡೀಸೆಲ್ ಲಾರಿಯ ಮೇಲೆ ಕಳಿಸಿದೆವು. ಈ ವಿಷಯ ಮಾತ್ರ ಯಾರಿಗೂ ಹೇಳಬಾರದೆಂದು ಅರ್ಬಾಬರ ಅಪ್ಪಣೆ. ನಾವು ಮೂವರು ವಿಮಾನ ಹತ್ತಿದೆವು.

ಅಲ್ಲಿ ಇಳಿದಾಗ ತಪಾಸಣೆಯ ಅಧಿಕಾರಿ ಕಾಕನ ಚೀಲದಿಂದ ಒಂದು ವಸ್ತುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ತೆಂಗಿನ ಕಡ್ಡಿಯ ಹಿಡಿಸೂಡಿ! ವಿಟ್ಲದಿಂದ ಹೆಂಡತಿ ಕಟ್ಟಿಕೊಟ್ಟದ್ದು.

"ಇದೇನು?"

"ಸ್ನೋ," ಅಂದರು ಕಾಕ, ಗುಡಿಸುವ ಹಾಗೆ ಕೈಯಾಡಿಸಿ. "ಮೌಂಟನ್ ಸ್ನೋ. ಐ ಕ್ಲೀನ್."

ಹಲಗೆಯ ಮೇಲೆ ಬಿದ್ದ ಹಿಮ ತೆಗೆಯಲು ಅಂತ ಅವರ ಅರ್ಥ. ಅಧಿಕಾರಿ ಹಿಡಿಸೂಡಿ ನೋಡಿದ, ಕಿಟಕಿಯಾಚೆ ಬೆಳ್ಳಗೆ ನಿಂತ ಬೆಟ್ಟಸಾಲು ನೋಡಿದ. ಪಕ್ಕದವನನ್ನು ಕರೆದು ಏನೋ ಹೇಳಿದ; ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಿಡಿಸೂಡಿಯನ್ನು ಗೌರವದಿಂದ ವಾಪಸ್ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿದ: "ದಯವಿಟ್ಟು ಎಡಗಡೆಯ ಬೆಟ್ಟದಿಂದ ಶುರುಮಾಡಿ. ಅಲ್ಲಿ ಜಾಸ್ತಿ ಬಿದ್ದಿದೆ."

ಹೀಟರ್

ಕಾರಿನಲ್ಲಿ ಹೀಟರ್ ಇತ್ತು. ಹಾಕಿದರೆ ಬ್ಯಾಟರಿ ಕಣ್ಣೆದುರೇ ಕರಗುತ್ತಿತ್ತು. "ಹೀಟರ್ ಬಂದ್. ಖಲಾಸ್!" ಅಂದರು ಅರ್ಬಾಬ್. ತಂದ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು, ಮೂರು ಅಕ್ಕಿಮುಡಿಗಳ ಹಾಗೆ ಕುಳಿತೆವು. ನಮ್ಮ ಉಸಿರಿನಿಂದ ಗಾಜು ಮಬ್ಬಾಗುತ್ತಿತ್ತು. ಒರೆಸುವ ಕೆಲಸ ನನ್ನದು.

ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿಗಳು. ಬದಿಯಲ್ಲಿ ಬೆಂಕಿ ಹಾಕಿಕೊಂಡು ಕುರುಬನೊಬ್ಬ ಕುಳಿತಿದ್ದ. ಎದ್ದು ಬಂದು ಕಿಟಕಿಯಲ್ಲಿ ಇಣುಕಿದ. ನಮ್ಮ ಮೂಗುಗಳ ಬಣ್ಣ ಕಂಡು ಅವನಿಗೆ ಏನನ್ನಿಸಿತೋ, ಬೆಂಕಿಯಿಂದ ಸುಟ್ಟ ಆಲೂಗಡ್ಡೆಗಳನ್ನು ತೆಗೆದು ನಮ್ಮ ಮಡಿಲಿಗೆ ಒಂದೊಂದು ಹಾಕಿದ. ಕೊಟ್ಟು ಕೈ ಬೀಸಿ ಹೊರಟೇಬಿಟ್ಟ.

ಅದನ್ನು ತಿನ್ನುವ ಮನಸ್ಸು ಯಾರಿಗಿತ್ತು? ಕಾಕ ಅಂಗಿಯೊಳಗೆ ಇಳಿಸಿದರು, ನಾನು ಎರಡೂ ಅಂಗೈ ನಡುವೆ ಹಿಡಿದೆ, ಅರ್ಬಾಬ್ ಕೆನ್ನೆಗೊತ್ತಿಕೊಂಡು ಕಣ್ಣುಮುಚ್ಚಿದರು. ಅಷ್ಟು ದೂರದ ಊರಲ್ಲಿ ಆ ಬಿಸಿ ಸಿಕ್ಕಾಗ ನನಗೆ ಅಳು ಬಂದಂತಾಯಿತು. ತಣ್ಣಗಾದ ಮೇಲೆ ಉಪ್ಪಿಲ್ಲದೆಯೇ ತಿಂದೆವು.

"ಅರ್ಬಾಬ್, ಹೀಟರ್ ಅಂದರೆ ಇದು" ಅಂದರು ಕಾಕ ಬಾಯಿ ಒರೆಸಿಕೊಳ್ಳುತ್ತಾ. "ನಿಮ್ಮದು ಬ್ಯಾಟರಿ ತಿನ್ನುವ ಹೀಟರ್. ಇದು ನಾವು ತಿನ್ನುವ ಹೀಟರ್."

ಹಿಂದೆ ಹಿಂದೆ

ಮರುದಿನ ಇಡೀ ಮೋಡ. ಬೆಳಿಗ್ಗೆ ಹೋಟೆಲಿನಿಂದ ಹೊರಟ ಕಾರು ಮಧ್ಯಾಹ್ನಕ್ಕೆ ಪೂರ್ತಿ ಸುಸ್ತಾಯಿತು. ಆಗ ಬಂದದ್ದು ಒಂದು ಟ್ರ್ಯಾಕ್ಟರ್. ಅದರ ಯಜಮಾನ ನಮ್ಮನ್ನು ಕೇಳಲೂ ಇಲ್ಲ, ಹಗ್ಗ ತೆಗೆದ. ಕಷ್ಟವೇನೆಂದರೆ ಹಗ್ಗ ಕಟ್ಟುವ ಕೊಂಡಿ ನಮ್ಮ ಕಾರಿನ ಹಿಂಭಾಗದಲ್ಲಿ ಮಾತ್ರ ಇತ್ತು. ಹಾಗಾಗಿ ನಾವು ಬೆನ್ನು ಮುಂದಾಗಿ, ಬಂದ ದಾರಿಯಲ್ಲೇ ವಾಪಸ್ ಹೊರಟೆವು.

ಸರಿಯಾಗಿ ಅದೇ ಹೊತ್ತಿಗೆ ಅರ್ಬಾಬರ ಹೆಂಡತಿಯ ವಿಡಿಯೋ ಕಾಲ್. ಆಪರೇಷನ್ ಆದಂದಿನಿಂದ ಆ ತಾಯಿಗೆ ಗಂಡನ ಚಿಂತೆ ಬಿಟ್ಟರೆ ಬೇರೆ ಇಲ್ಲ.

"ಕಾರು ಓಡುತ್ತಿದೆಯಾ?"

"ನೋಡು, ಓಡುತ್ತಲೇ ಇದೆ!" ಅರ್ಬಾಬ್ ಧೈರ್ಯವಾಗಿ ಫೋನನ್ನು ಮುಂದಿನ ಗಾಜಿಗೆ ತಿರುಗಿಸಿದರು.

ಅಮ್ಮ ಅತ್ತಲಿಂದ ಕೇಳಿದರು:

"ಬೆಟ್ಟಗಳು ಯಾಕೆ ದೂರ ಹೋಗುತ್ತಿವೆ?"

"ರಸ್ತೆ ತಿರುವು ಜಾಸ್ತಿ…"

"ನಾನು ನಿಮ್ಮ ಜೊತೆ ಸಂಸಾರ ಮಾಡಿ ಮುದುಕಿಯಾದವಳು" ಅಂದರು ಅಮ್ಮ. "ಹಿಂದಕ್ಕೆ ಅಷ್ಟು ಚೆನ್ನಾಗಿ ಓಡುವುದಾದರೆ ಹಾಗೇ ಕುವೈತ್‌ವರೆಗೆ ಬಂದುಬಿಡಿ."

ದೀಪ

ಎರಡು ದಿನ ಕಾರನ್ನು ಬಿಸಿಲಿಗೆ ಒಡ್ಡಿ ಮತ್ತೆ ಹೊರಟೆವು. ಈ ಸಲ ಕಣಿವೆಯ ಮೇಲಿನವರೆಗೂ ಏರಿದೆವು. ಅರ್ಬಾಬ್ ಹಿಮ ಮುಟ್ಟಿದರು, ಕೈಯಲ್ಲಿ ಹಿಡಿದು ನಮಗೆಲ್ಲ ತೋರಿಸಿದರು, ನಾವು ನೋಡಿಯೇ ಇಲ್ಲವೇನೋ ಎಂಬಂತೆ. ಆದರೆ ಇಳಿಯುವ ಮೊದಲೇ ಮಂಜು ಕವಿಯಿತು. ಸೂರ್ಯ ಮುಳುಗುವ ಹೊತ್ತಿಗೆ ಕಾರು ಖಲಾಸ್.

ನಗುವ ಹೊತ್ತಲ್ಲ ಅದು. ಅರ್ಬಾಬರ ತುಟಿ ನೀಲಿಯಾಗಿತ್ತು. ಕೈ ಎದೆಯ ಮೇಲಿತ್ತು. ಕಾಕ ತಮ್ಮ ಜಾಕೆಟ್ ಬಿಚ್ಚಿ ಅವರಿಗೆ ಸುತ್ತಿದರು. "ಯಾ ಅಲ್ಲಾಹ್, ಈ ಮನುಷ್ಯನನ್ನು ಮನೆಗೆ ಮುಟ್ಟಿಸು" ಅಂದದ್ದು ಕೇಳಿಸಿತು. ನಾನೂ ನನ್ನ ದೇವರುಗಳನ್ನೆಲ್ಲ ಕರೆದೆ. ಅಷ್ಟರಲ್ಲಿ ಮಂಜಿನ ನಡುವೆ ಒಂದು ಹಳದಿ ಬೆಳಕು ಕಂಡಿತು.

ಇಬ್ಬರೂ ಅವರನ್ನು ಹಿಡಿದುಕೊಂಡು ಅತ್ತ ನಡೆದೆವು. ಕಲ್ಲಿನ ಸಣ್ಣ ಮನೆ. ಬಾಗಿಲು ತೆರೆದ ಮುದುಕಿ ಯಾರು, ಎತ್ತ ಒಂದೂ ಕೇಳಲಿಲ್ಲ. ಅರ್ಬಾಬರನ್ನು ಕಟ್ಟಿಗೆ ಒಲೆಯ ಪಕ್ಕ ಕೂರಿಸಿ, ಅವರ ಒದ್ದೆ ಕಾಲುಚೀಲ ಎಳೆದು ತೆಗೆದು, ತಾವೇ ಹೆಣೆದ ಉಣ್ಣೆಯ ಕಾಲುಚೀಲ ತೊಡಿಸಿದರು. ಬಿಸಿ ಸೂಪು, ಚೀಸ್ ತುಂಬಿದ ರೊಟ್ಟಿ ಬಂತು. ನಿಧಾನವಾಗಿ ಅರ್ಬಾಬರ ಮುಖಕ್ಕೆ ರಕ್ತ ಬಂತು. ಕಾಕ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿ ಉಸಿರು ಬಿಟ್ಟೆವು.

ಊಟ ಮುಗಿದ ಮೇಲೆ ಅರ್ಬಾಬರಿಗೆ ಕೃತಜ್ಞತೆ ಹೇಳದೆ ಇರಲಾಗಲಿಲ್ಲ. ಅವರಿಗೆ ಆ ಭಾಷೆ ಬಾರದು, ಮುದುಕಿಗೆ ಅರಬ್ಬಿ ಬಾರದು. ಮಾತನ್ನು ಅನುವಾದಿಸುವ ಫೋನ್ ಮುಂದೆ ಹಿಡಿದರು. ತಲೆಯ ಮೇಲೆ ತೂಗುತ್ತಿದ್ದ ಬಲ್ಬನ್ನು ತೋರಿಸಿ ಹೇಳಿದರು: "ಅಮ್ಮಾ, ಈ ದೀಪ ನನ್ನ ಜೀವ ಉಳಿಸಿತು. ಇದನ್ನು ನಾನು ಎದೆಯಲ್ಲಿಟ್ಟುಕೊಂಡು ಕುವೈತ್‌ಗೆ ಒಯ್ಯುತ್ತೇನೆ."

ಫೋನ್ ಏನು ಹೇಳಿತೋ ಗೊತ್ತಿಲ್ಲ. ಮುದುಕಿ ಬಲ್ಬನ್ನು ನೋಡಿದರು, ಅರ್ಬಾಬರನ್ನು ನೋಡಿದರು. ಆಮೇಲೆ ಸ್ಟೂಲು ಎಳೆದು ಹತ್ತಿ, ಸೆರಗಿನಂತಿದ್ದ ಮೇಲುಬಟ್ಟೆಯನ್ನು ಕೈಗೆ ಸುತ್ತಿಕೊಂಡು, ಬಲ್ಬ್ ತಿರುಗಿಸಿ ಬಿಚ್ಚಿಯೇಬಿಟ್ಟರು! ಕೋಣೆ ಕತ್ತಲಾಯಿತು. ಒಲೆಯ ಕೆಂಪು ಬೆಳಕಲ್ಲಿ ಅದನ್ನು ಒರೆಸಿ ಅರ್ಬಾಬರ ಕೈಗಿಟ್ಟರು.

ಆಮೇಲೆ ಫೋನಿಗೆ ಬಾಗಿ ಮೆಲ್ಲಗೆ ಏನೋ ಕೇಳಿದರು. ಅರಬ್ಬಿಯಲ್ಲಿ ಬಂದ ಮಾತನ್ನು ಅರ್ಬಾಬ್ ನಮಗೆ ತಿಳಿಸಿದರು: "ಪಾಪ, ನಿಮ್ಮ ದೇಶದಲ್ಲಿ ಲೈಟು ಇಲ್ಲವೇ?"

ಕುವೈತ್‌ನಲ್ಲಿ! ಹಗಲು ಹೊತ್ತಿನಲ್ಲೂ ದೀಪ ಆರಿಸದ ನಮ್ಮ ಕುವೈತ್‌ನಲ್ಲಿ! ಕಾಕ ನಗು ತಡೆಯಲು ಕಂಬಳಿಯ ತುದಿ ಕಚ್ಚಿಕೊಂಡರು. ಅರ್ಬಾಬ್ ಮಾತ್ರ ನಗಲಿಲ್ಲ. ಬಲ್ಬನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕಣ್ಣಿನಿಂದ ಫೋನಿಗೆ ಹೇಳಿದರು: "ಇದೆ ಅಮ್ಮಾ. ಆದರೆ ಇಂಥದ್ದು ಇಲ್ಲ."

ಫೋನ್ ಅದನ್ನು ತಲುಪಿಸಿತು. ಮುದುಕಿ ಅರ್ಬಾಬರ ಕೆನ್ನೆ ತಟ್ಟಿ ಎದ್ದುಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದು ಕೇಳಿಸಿತು, ಅಲ್ಲಿಯ ದೀಪವೂ ಆರಿತು.